ಮಂಜಿನ ಬೆಟ್ಟ, ಮುಸುಕಿನ ಜೋಳ

ಚಾಮರಾಜನಗರ ಜಿಲ್ಲೆಯಲ್ಲಿ ಹಿಮದ ಹೆಸರು ಹೊತ್ತ ಬೆಟ್ಟ ಒಂದಿದೆ, ಹಿಮದ ನಾಡಿನಿಂದ ಬಂದವರ ಊರು ಒಂದಿದೆ. ಬೆಟ್ಟ ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಊರು ಹನೂರು ಸೀಮೆಯ ಕಾಡಂಚಿನ ಒಡೆಯರಪಾಳ್ಯದ ಟಿಬೆಟನ್ ನೆಲೆ. ಒಂದು ಜಿಲ್ಲೆಯ ಪಡುವಣಕ್ಕೆ, ಇನ್ನೊಂದು ಮೂಡಣಕ್ಕೆ. ಎರಡರಲ್ಲೂ ಹಿಮ ಬೀಳುವುದಿಲ್ಲ. ಆದರೂ ಬೌದ್ಧ ಗುಡಿಗಳನ್ನೂ ಬೆಟ್ಟದ ಸಾಲನ್ನೂ ಒಂದೇ ಪ್ರಯಾಣದಲ್ಲಿ ನೋಡಬೇಕೆಂದು ಧರ್ಮಶಾಲೆಗೋ ಡಾರ್ಜಿಲಿಂಗಿಗೋ ಗ್ಯಾಂಗ್ಟಾಕಿಗೋ ರೈಲು ಟಿಕೆಟ್ ಹುಡುಕುವ ಮೈಸೂರು ಸೀಮೆಯ ಮನೆಗಳಲ್ಲಿ, ಟಿಕೆಟ್ ಸಿಗದ ದಿನ ಈ ಎರಡು ಹೆಸರುಗಳು ಮಾತಿಗೆ ಬರುತ್ತವೆ. ಬರುವಾಗ ಹಣೆಗೊಂದು ಚೀಟಿ ಅಂಟಿಸಿಕೊಂಡೇ ಬರುತ್ತವೆ: ‘ಮಿನಿ ಟಿಬೆಟ್’, ‘ಮಿನಿ ಹಿಮಾಲಯ’.

ಬೆಳಗಿನ ಕಾಫಿಯ ಹೊತ್ತಿಗೆ ಕಣ್ಣಿಗೆ ಬೀಳುವ ಪ್ರವಾಸದ ಕರಪತ್ರದಲ್ಲಿ ಈ ‘ಮಿನಿ’ ಇದ್ದರೆ ಸಾಕು, ಆ ದಿನದ ಮನಸ್ಸು ಕೆಡುತ್ತದೆ. ಹೋಟೆಲಿನ ಮಿನಿ ಊಟಕ್ಕೆ, ಮಿನಿ ಲಾರಿಗೆ, ಮಿನಿ ಬಸ್ಸಿಗೆ ಆ ಪದ ಸಲ್ಲುತ್ತದೆ. ಅಲ್ಲಿ ಅಳತೆ ಇದೆ, ದರ ಇದೆ. ತಾಲ್ಲೂಕು ಕೇಂದ್ರಗಳ ಮಿನಿ ವಿಧಾನಸೌಧಗಳಿಗೆ ಮಾತ್ರ ಅದು ಎಂದೂ ಸಲ್ಲಲಿಲ್ಲ. ಸರ್ಕಾರವೇ ಕಡೆಗೆ ಅವುಗಳ ಹೆಸರನ್ನು ತಾಲ್ಲೂಕು ಆಡಳಿತ ಸೌಧ ಎಂದು ಬದಲಿಸಿತು. ಒಂದು ಕಚೇರಿಗೆ ಸಿಕ್ಕ ಮರ್ಯಾದೆ ಒಂದು ಊರಿಗೆ, ಒಂದು ಬೆಟ್ಟಕ್ಕೆ ಸಿಗಬೇಕಲ್ಲ? ಮಿನಿ ಎಂದಾಕ್ಷಣ ದೊಡ್ಡದು ಬೇರೆಲ್ಲೋ ಇದೆ, ಇದು ಅದರ ಅಚ್ಚು ಎಂದಾಗುತ್ತದೆ. ಎತ್ತರದ ಲೆಕ್ಕದಲ್ಲೂ ಆ ಮಾತು ನಿಲ್ಲುವುದಿಲ್ಲ. ಗೋಪಾಲಸ್ವಾಮಿ ಬೆಟ್ಟ ಸಮುದ್ರಮಟ್ಟದಿಂದ 1454 ಮೀಟರ್. ಹಿಮಾಚಲದ ಧರ್ಮಶಾಲೆಯ ಕೆಳಪೇಟೆಯೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ವ್ಯತ್ಯಾಸವಿರುವುದು ಬೆನ್ನ ಹಿಂದೆ: ಧರ್ಮಶಾಲೆಯ ಹಿಂದೆ ನಾಲ್ಕು ಸಾವಿರ ಮೀಟರ್ ದಾಟಿದ ಧೌಲಾಧಾರದ ಹಿಮಶಿಖರಗಳು ಎದ್ದು ನಿಂತಿವೆ, ಗೋಪಾಲಸ್ವಾಮಿ ಬೆಟ್ಟದ ಮುಂದೆ ಬಂಡೀಪುರದ ಕಾಡು ಇಳಿಯುತ್ತ ಹೋಗಿ ದೂರದಲ್ಲಿ ನೀಲಗಿರಿಯ ನೀಲಿಗೆರೆಯಾಗುತ್ತದೆ.

ಬೆಟ್ಟಕ್ಕೆ ಹೋಗುವ ದಾರಿ ಎಲ್ಲರಿಗೂ ಗೊತ್ತು. ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಹಂಗಳದಲ್ಲಿ ಬಲಕ್ಕೆ ತಿರುಗಬೇಕು. ಮುಂಗಾರಿನಲ್ಲಾದರೆ ಎರಡೂ ಬದಿಯ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂವು. ಫೋಟೊ ತೆಗೆಸಿಕೊಳ್ಳಲು ಕೇರಳದ ಕಾರುಗಳು ಸಾಲುಗಟ್ಟಿರುತ್ತವೆ. ಬೆಟ್ಟದ ಬುಡದಲ್ಲಿ ಖಾಸಗಿ ವಾಹನ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸು ಹತ್ತಬೇಕು. ನಾಲ್ಕು ತಿರುವು ಕಳೆಯುವುದರೊಳಗೆ ಕಿಟಕಿಯ ಗಾಜು ಬೆಳ್ಳಗಾಗುತ್ತದೆ. ಪ್ರಯಾಣಿಕರು ಅಂಗಿಯ ತೋಳಿನಿಂದ ಒರೆಸುತ್ತಾರೆ. ಒರೆಸಿದಷ್ಟೂ ಅದು ಬೆಳ್ಳಗೇ ಇರುತ್ತದೆ, ಏಕೆಂದರೆ ಬಿಳುಪು ಇರುವುದು ಗಾಜಿನ ಹೊರಗೆ.

ಆ ಬಿಳುಪಿಗೆ ಕನ್ನಡದಲ್ಲಿ ಮಂಜು ಎಂದು ಹೆಸರು. ಈ ಒಂದು ಪದ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಬೆಳಗ್ಗೆ ಕಣಿವೆಯಲ್ಲಿ ಹರಡುವುದು ಮಂಜು. ಫ್ರಿಜ್ಜಿನಲ್ಲಿ ಗಟ್ಟಿಯಾಗುವುದು ಮಂಜುಗಡ್ಡೆ. ಸಿನಿಮಾದಲ್ಲಿ ಕಾಶ್ಮೀರ ಕಂಡರೆ ಅಲ್ಲಿ ಬೀಳುವುದೂ ಮಂಜು. ಹಿಮವನ್ನು ಎಂದೂ ಕಾಣದ ಸೀಮೆ ಅದಕ್ಕೆಂದು ಬೇರೆ ಪದ ಹುಟ್ಟಿಸಲಿಲ್ಲ, ತನ್ನ ಬೆಟ್ಟದ ಪದವನ್ನೇ ಹಿಮಾಲಯಕ್ಕೂ ಕೊಟ್ಟುಬಿಟ್ಟಿತು. ತಾನು ಕಂಡ ನೀರಿನ ವಿಷಯಕ್ಕೆ ಬಂದರೆ ಅದೇ ಸೀಮೆಗೆ ಪದಗಳ ಬಡತನವಿಲ್ಲ: ಹುಲ್ಲಿನ ತುದಿಯಲ್ಲಿ ನಿಲ್ಲುವುದು ಇಬ್ಬನಿ, ದಾರಿ ಕಾಣದಂತೆ ಕವಿಯುವುದು ಕಾವಳ, ಬಿಡದೆ ಹಿಡಿಯುವುದು ಸೋನೆ, ಮುಖಕ್ಕೆ ಸಿಡಿಯುವುದು ತುಂತುರು, ತಲೆಗೆ ಬಡಿಯುವುದು ಆಲಿಕಲ್ಲು. ಸಂಸ್ಕೃತದ ‘ಹಿಮ’ವೂ ಮೊದಲಿಗೆ ಚಳಿ ಎಂಬ ಅರ್ಥದ್ದೇ, ಹೇಮಂತ ಋತುವಿನ ಹೆಸರಿನ ಬೇರೂ ಅದೇ. ಹಾಗಾಗಿ ಬೆಟ್ಟಕ್ಕೆ ಹಿಮವದ್ ಎಂದು ಹೆಸರಿಟ್ಟವರು ಉತ್ಪ್ರೇಕ್ಷೆ ಮಾಡಲಿಲ್ಲ. ಕಾಳಿದಾಸ ಕುಮಾರಸಂಭವವನ್ನು ಆರಂಭಿಸುವುದು ಹಿಮಾಲಯದ ವರ್ಣನೆಯಿಂದಲೇ ನಿಜ. ಆದರೆ ಗುಂಡ್ಲುಪೇಟೆಯವರು ಆ ಹಿಮಾಲಯದ ಹೆಸರನ್ನು ಎರವಲು ತಂದು ತಮ್ಮ ಬೆಟ್ಟಕ್ಕೆ ತೊಡಿಸಬೇಕಾದ ಅಗತ್ಯವಿರಲಿಲ್ಲ. ಚಳಿ ಇಲ್ಲಿಯದು, ಹೆಸರೂ ಇಲ್ಲಿಯದೇ.

ಗುಡಿಯ ವಿಷಯ ಚಿಕ್ಕದು. ಹೊಯ್ಸಳ ಬಲ್ಲಾಳನ ಕಾಲದಲ್ಲಿ, 1315ರಲ್ಲಿ ಕಟ್ಟಿದ್ದೆಂಬ ಮಾತಿದೆ. ಮುಂದೆ ಮೈಸೂರು ಅರಸರು ನಡೆಸಿಕೊಂಡು ಬಂದರು. ಒಳಗೆ ಕೊಳಲು ಹಿಡಿದ ವೇಣುಗೋಪಾಲ. ಗರ್ಭಗುಡಿಯ ಮೇಲಿನ ಕಲ್ಲು ಬೆವರಿ ತಣ್ಣನೆಯ ಹನಿ ತೊಟ್ಟಿಕ್ಕುತ್ತದೆ. ಭಕ್ತರು ಮೊದಲು ನೋಡುವುದು ಆ ಹನಿಯನ್ನು, ಆಮೇಲೆ ದೇವರ ಮುಖವನ್ನು. ಹಂಸತೀರ್ಥದಲ್ಲಿ ಮಿಂದ ಕಾಗೆಗಳು ಹಂಸಗಳಾದವೆಂದೂ ಅಂದಿನಿಂದ ಬೆಟ್ಟದ ಮೇಲೆ ಕಾಗೆಗಳಿಲ್ಲವೆಂದೂ ಕಥೆ. ಹೊರಗೆ ಕಟ್ಟೆಯ ಮೇಲೆ ಜನ ಮಂಜು ಹರಿಯಲೆಂದು ಕಾಯುತ್ತಾರೆ. ಡಾರ್ಜಿಲಿಂಗಿನ ಟೈಗರ್ ಹಿಲ್ಲಿನಲ್ಲಿ ಕಾಂಚನಜುಂಗಾ ಕಾಣಲೆಂದು ಕತ್ತಲಲ್ಲಿ ನಿಲ್ಲುವವರು ಕಾಯುವುದೂ ಹೀಗೆಯೇ. ಇಲ್ಲಿ ಮಂಜು ಸರಿದ ಗಳಿಗೆಯಲ್ಲಿ ಕಾಣುವುದು ಎದುರಿನ ಹುಲ್ಲುಗಾವಲು, ಅದರ ಮಡಿಕೆಯಲ್ಲಿ ಶೋಲಾ ಕಾಡು, ಅದೃಷ್ಟವಿದ್ದರೆ ಇಳಿಜಾರಿನಲ್ಲಿ ಮೇಯುವ ಆನೆಗಳು. ಅಷ್ಟು ದೂರಕ್ಕೆ ಅವು ಹುಣಿಸೆ ಬೀಜದಷ್ಟೇ ಕಾಣುತ್ತವೆ.

ಬೌದ್ಧರ ಊರಿಗೆ ಇಲ್ಲಿಂದ ಜಿಲ್ಲೆಯನ್ನು ಅಡ್ಡಲಾಗಿ ದಾಟಬೇಕು. ಚಾಮರಾಜನಗರ, ಕೊಳ್ಳೇಗಾಲ ಕಳೆದು ಲೊಕ್ಕನಹಳ್ಳಿಯ ಕಡೆ ತಿರುಗಿದರೆ ರಸ್ತೆ ಬಿಳಿಗಿರಿರಂಗನ ಬೆಟ್ಟದ ಮೂಡಣ ಮಗ್ಗುಲಿಗೆ ಏರುತ್ತದೆ. ಬುದ್ಧನ ಹೆಸರು ಈ ಸೀಮೆಗೆ ಹೊಸತಲ್ಲ. ಕೊಳ್ಳೇಗಾಲದಲ್ಲೇ ಜೇತವನವೆಂಬ ಬುದ್ಧವಿಹಾರವಿದೆ, ಅಂಬೇಡ್ಕರರ ದಾರಿಯಲ್ಲಿ ಬುದ್ಧನಿಗೆ ಶರಣಾದವರು ಊರೂರಿನಲ್ಲಿದ್ದಾರೆ. ಒಡೆಯರಪಾಳ್ಯದ ಕಥೆ ಬೇರೆ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು, ಹಿಂದೆಯೇ ಸಾವಿರಾರು ಜನ ಬಂದರು. ಮೊದಲ ವರ್ಷಗಳಲ್ಲಿ ಅವರಲ್ಲಿ ಬಹಳ ಮಂದಿ ಹಿಮಾಲಯದ ರಸ್ತೆ ಕೆಲಸಗಳಲ್ಲಿ ಕಲ್ಲು ಒಡೆದು ಬದುಕಿದರು. ನೆಲೆಯೂರಲು ಭೂಮಿ ಕೊಡಲು ಮುಂದಾದ ರಾಜ್ಯಗಳಲ್ಲಿ ಮೈಸೂರು ಮೊದಲ ಸಾಲಿನದು. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆ, 1966ರಲ್ಲಿ ಮುಂಡಗೋಡು, 1972ರ ಸುಮಾರಿಗೆ ಹುಣಸೂರಿನ ಗುರುಪುರ, 1973–74ರ ಹೊತ್ತಿಗೆ ಒಡೆಯರಪಾಳ್ಯ. ಬಂಡೀಪುರ ಹುಲಿ ಯೋಜನೆಗೆ ಸೇರಿದ್ದೂ 1973ರಲ್ಲೇ. ಒಂದೇ ಸೀಮೆಯ ಕಾಡು ಒಂದು ತುದಿಯಲ್ಲಿ ಹುಲಿಗೂ ಇನ್ನೊಂದು ತುದಿಯಲ್ಲಿ ಮನೆ ಕಳೆದುಕೊಂಡವರಿಗೂ ಹೆಚ್ಚುಕಡಿಮೆ ಒಟ್ಟಿಗೇ ಜಾಗ ಕೊಟ್ಟಿತು.

ನೆಲೆಯ ಹೆಸರು ಧೋಂಡೆನ್‌ಲಿಂಗ್, ಅರ್ಥವುಳ್ಳ ತಾಣ ಎಂದು ಅದರ ಅರ್ಥ. ಬೈಲಕುಪ್ಪೆಯ ಸಮ್ದುಪ್ಲಿಂಗ್, ಗುರುಪುರದ ರಬ್ಗೇಲಿಂಗ್ ಎಲ್ಲದರ ಕೊನೆಗೂ ಈ ‘ಲಿಂಗ್’ ಬರುತ್ತದೆ. ಟಿಬೆಟನ್ನಿನಲ್ಲಿ ಅದಕ್ಕೆ ದ್ವೀಪ, ಖಂಡ, ತಾಣ ಎಂಬ ಅರ್ಥಗಳಿವೆ. ಮಲೆ ಮಹದೇಶ್ವರನ, ಎಂದರೆ ಮಾದಪ್ಪನ ಸೀಮೆಯ ಕಿವಿಗೆ ಅದು ಲಿಂಗ ಎಂದೇ ಕೇಳಿಸಿದರೆ ಆಶ್ಚರ್ಯವೇನಿಲ್ಲ.

ಊರು ಅಕ್ಷರಗಳನ್ನೇ ಹೆಸರಾಗಿ ಹೊತ್ತ ಸಣ್ಣ ಸಣ್ಣ ಹಳ್ಳಿಗಳಾಗಿ ಹರಡಿಕೊಂಡಿದೆ. ಹೊಲಗಳ ನಡುವೆ ಬಿಳಿ ಸ್ತೂಪ, ಮಾಳಿಗೆಯಿಂದ ಮಾಳಿಗೆಗೆ ಕಟ್ಟಿದ ಐದು ಬಣ್ಣದ ಬಾವುಟಗಳು: ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ. ಪಂಚಭೂತಗಳೆಂದರೆ ಬೇರೆ ವಿವರಣೆ ಬೇಡ. ಇಲ್ಲಿನ ದೊಡ್ಡ ಮಠ ಜೋಗ್‌ಚೆನ್, ನ್ಯಿಂಗ್ಮಾ ಪಂಥದ್ದು. ಮೂಲ ಮಠ ಟಿಬೆಟಿನ ಖಾಮ್ ಪ್ರಾಂತ್ಯದಲ್ಲಿ 1684ರಲ್ಲಿ ಸ್ಥಾಪನೆಯಾದದ್ದು. ಒಡೆಯರಪಾಳ್ಯದ ಮಠವನ್ನು 1992ರಲ್ಲಿ ದಲೈ ಲಾಮಾ ಉದ್ಘಾಟಿಸಿದರು. ಬೈಲಕುಪ್ಪೆಯ ಚಿನ್ನದ ಗುಡಿಯ ಜನಜಂಗುಳಿ ಇಲ್ಲಿಲ್ಲ. ಕೆಂಗಂದು ನಿಲುವಂಗಿಯ ಎಳೆಯ ಭಿಕ್ಷುಗಳು, ಮಂತ್ರಚಕ್ರ ತಿರುಗಿಸುತ್ತ ಸುತ್ತು ಬರುವ ಅಜ್ಜ ಅಜ್ಜಿಯರು, ಅಷ್ಟೇ. ಆ ಸುತ್ತು ಬಲಗಡೆಯಿಂದಲೇ, ಅದಕ್ಕೆ ಕನ್ನಡದಲ್ಲಿ ಪ್ರದಕ್ಷಿಣೆ ಎಂಬ ಸಿದ್ಧ ಪದವಿದೆ. ಕೈಚಕ್ರದ ಮರದ ಹಿಡಿಯನ್ನು ಹತ್ತಿರದಿಂದ ನೋಡಿದರೆ ಹೆಬ್ಬೆರಳು ಒತ್ತುವ ಜಾಗ ಒಳ್ಳಿನಲ್ಲಿ ಕುಟ್ಟಿದ ಒನಕೆಯಂತೆ ಸವೆದು ನುಣುಪಾಗಿರುತ್ತದೆ. ಚಕ್ರದೊಳಗೆ ಸುತ್ತಿಟ್ಟ ಕಾಗದದಲ್ಲಿ ಬರೆದ ‘ಓಂ ಮಣಿ ಪದ್ಮೇ ಹೂಂ’ ಮಂತ್ರದ ಮಣಿ, ಪದ್ಮ ಎರಡೂ ಕನ್ನಡದ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರುಗಳು.

ಊಟದ ವಿಷಯದಲ್ಲಿ ಮೊಮೊ, ತುಕ್ಪಾಗಳನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಹೇಳಬೇಕಾದದ್ದು ತ್ಸಂಪಾದ ಮಾತು. ಬಾರ್ಲಿಯನ್ನು ಹುರಿದು, ಬೀಸಿ, ಬೆಣ್ಣೆ ಚಹಾದಲ್ಲಿ ಬೆರಳಿನಿಂದ ಕಲಸಿ ಉಂಡೆ ಮಾಡಿ ತಿನ್ನುವ ಹಿಟ್ಟು ಅದು. ಅದು ಹುರಿಹಿಟ್ಟೇ! ರಾಗಿಯನ್ನು ಅರಳು ಹುರಿದು, ಬೀಸಿ, ಹಾಲು ಬೆಲ್ಲದಲ್ಲಿ ಕಲಸಿ ತಿನ್ನುವ ಕೊಳ್ಳೇಗಾಲದ ಮುದುಕಿಗೂ, ಬಾರ್ಲಿ ಬೆಳೆಯದ ನೆಲಕ್ಕೆ ಬಂದ ಖಾಮಿನ ಮುದುಕಿಗೂ ಈ ವಿಷಯದಲ್ಲಿ ದುಭಾಷಿ ಬೇಕಾಗುವುದಿಲ್ಲ. ಒಲೆ ಹಚ್ಚದೆ, ಪಾತ್ರೆ ಹೆಚ್ಚಿಲ್ಲದೆ, ದೂರ ನಡೆಯುವವನ ಜೋಳಿಗೆಯಲ್ಲಿ ಕೆಡದೆ ಉಳಿಯುವ ಅನ್ನ ಎರಡೂ. ದಾರಿಯ ಜನ ಕಂಡುಕೊಂಡ ಆಹಾರ ಎಲ್ಲಿದ್ದರೂ ಒಂದೇ ಬಗೆಯದು.

ದಾರಿಯ ಜನ ಎಂದ ಮೇಲೆ ಈ ಸೀಮೆಯ ಹಾಡುಗಳ ಕಡೆ ತಿರುಗದೆ ಇರುವಂತಿಲ್ಲ. ಕಂಸಾಳೆಯವರು ಇರುಳಿಡೀ ಹಾಡುವ ಕಾವ್ಯದ ಮಲೆ ಮಾದಪ್ಪ ಇಲ್ಲಿ ಹುಟ್ಟಿದವನಲ್ಲ, ಉತ್ತರದಿಂದ, ಶ್ರೀಶೈಲದ ಕಡೆಯಿಂದ ನಡೆದು ಬಂದು ಏಳುಮಲೆಯಲ್ಲಿ ನೆಲೆಯೂರಿದವನು. ಹುಲಿಯನ್ನು ವಾಹನ ಮಾಡಿಕೊಂಡವನು, ಸೋಲಿಗರ ನಡುವೆ ಒಕ್ಕಲು ಕಂಡುಕೊಂಡವನು. ನೀಲಗಾರರು ಹಾಡುವ ಮಂಟೇಸ್ವಾಮಿಯೂ ಕಲ್ಯಾಣದಿಂದ ದಕ್ಷಿಣಕ್ಕೆ ನಡೆದು ಬಂದವರೇ. ಇನ್ನೂ ಹಿಂದೆ ಹೋದರೆ, ಅಶೋಕನ ಕಾಲದಲ್ಲಿ ಮಹಿಷಮಂಡಲಕ್ಕೆ ಧರ್ಮ ಹೇಳಲು ಬಂದ ಹಿರಿಯ ಭಿಕ್ಷುವೊಬ್ಬನ, ಥೇರನೊಬ್ಬನ ಮಾತು ಸಿಂಹಳದ ಮಹಾವಂಸದಲ್ಲಿದೆ. ಮಹಿಷಮಂಡಲವೆಂದರೆ ಮೈಸೂರು ಸೀಮೆ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಆ ಥೇರನ ಹೆಸರು ಮಹಾದೇವ. ಮಾದಪ್ಪನ ಹೆಸರಿನೊಂದಿಗಿನ ಈ ಹೋಲಿಕೆಯಿಂದ ಚರಿತ್ರೆಯ ತೀರ್ಮಾನ ಕಟ್ಟಬಾರದು. ಆದರೂ ಆ ಹೆಸರು ಕೇಳಿದವರಿಗೆ ಅರೆಗಳಿಗೆ ಮೈ ಜುಮ್ಮೆನ್ನುತ್ತದೆ.

ನೆಲೆ ಬದಲಿಸಿದ್ದು ಜನ ಮಾತ್ರವಲ್ಲ. ಕೊಳ್ಳೇಗಾಲವೇ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. ಗಡಿಗಳು ಬದಲಾಗುತ್ತಲೇ ಇದ್ದ ಈ ನೆಲದಲ್ಲಿ ಟಿಬೆಟನ್ನರು ಐವತ್ತು ವರ್ಷ ದಾಟಿದ್ದಾರೆ. ಚಳಿಗಾಲಕ್ಕೆ ಹಲವರು ಊರು ಬಿಟ್ಟು ಪಟ್ಟಣಗಳ ಫುಟ್‌ಪಾತಿನಲ್ಲಿ ಸ್ವೆಟರು ಮಾರುತ್ತಾರೆ, ಫೆಬ್ರುವರಿ ಮಾರ್ಚಿನ ಲೋಸಾರ್ ಹಬ್ಬದ ಹೊತ್ತಿಗೆ ಮರಳುತ್ತಾರೆ. ಮುಂಗಾರು ಬಿದ್ದೊಡನೆ ಹೊಲಕ್ಕಿಳಿಯುತ್ತಾರೆ. ಬೆಳೆ ಮುಖ್ಯವಾಗಿ ಮೆಕ್ಕೆಜೋಳ. ಹಳೆ ಮೈಸೂರಿನ ಮಾತಿನಲ್ಲಿ ಅದು ಮುಸುಕಿನ ಜೋಳ, ತೆನೆ ಮುಸುಕು ಹೊದ್ದಿರುವುದರಿಂದ. ಗೋಪಾಲಸ್ವಾಮಿ ಬೆಟ್ಟಕ್ಕೆ ಮಂಜು ಕವಿದರೂ ಕನ್ನಡದಲ್ಲಿ ಮುಸುಕು ಹಾಕಿತು ಎಂದೇ ಹೇಳುವುದು.

ತೆನೆಗೆ ಹಾಲು ತುಂಬುವ ವಾರಗಳಲ್ಲಿ ಕಾಡಿನ ಆನೆಗಳು ಇಳಿಯುತ್ತವೆ. ಟಿಬೆಟನ್ನರ ಹೊಲದ ಅಂಚಿನಲ್ಲೂ ಪಕ್ಕದ ಕನ್ನಡ ಹಳ್ಳಿಗಳ ಹೊಲದ ಅಂಚಿನಲ್ಲೂ ಅಟ್ಟಣೆಗಳು ಏಳುತ್ತವೆ. ಕಂಬಳಿ, ಟಾರ್ಚು, ತಗಡಿನ ಡಬ್ಬ, ಒಂದು ಫ್ಲಾಸ್ಕು ಚಹಾ. ನಡುರಾತ್ರಿ ದಂಟು ಮುರಿಯುವ ಸದ್ದಾದರೆ ಮೊದಲು ಒಂದು ಅಟ್ಟಣೆಯಿಂದ ಡಬ್ಬ ಬಡಿತ ಏಳುತ್ತದೆ, ಆಮೇಲೆ ಪಕ್ಕದ್ದರಿಂದ, ಆಮೇಲೆ ಹಳ್ಳದಾಚೆಯಿಂದ. ಕೂಗು ಯಾವ ಭಾಷೆಯದೆಂದು ಕತ್ತಲಲ್ಲಿ ತಿಳಿಯುವುದಿಲ್ಲ. ಬೆಳಗ್ಗೆ ಮಂಜು ಹರಿದ ಮೇಲೆ ಎರಡೂ ಕಡೆಯವರು ಬದುವಿನ ಮೇಲೆ ನಿಂತು, ಆನೆ ಎಲ್ಲಿ ದಾಟಿತು, ಎಷ್ಟು ಸಾಲು ತುಳಿಯಿತು ಎಂದು ಒಬ್ಬರಿಗೊಬ್ಬರು ಕೈ ಮಾಡಿ ತೋರಿಸುತ್ತಾರೆ.