ಬಂಜೆಯೆಂಬ ಮಾತು

ಹೆರದವಳನ್ನು ಬರಡು ಭೂಮಿಗೆ ಹೋಲಿಸುವುದು ನಮ್ಮಲ್ಲಿ ಬಹು ಹಳೆಯ ರೂಢಿ. ಧಾರವಾಡದ ಪಡುವಣಕ್ಕಿರುವ ಮುಗದ ನನ್ನ ಗಂಡನ ಮನೆ. ಭತ್ತದ ಸಂಶೋಧನಾ ಕೇಂದ್ರವುಳ್ಳ, ‘ಮುಗದ ಸುಗಂಧ’ವೆಂಬ ತಳಿಗೆ ಹೆಸರಿತ್ತ ಊರು. ಅಲ್ಲಿಯೂ ಆ ಹೋಲಿಕೆ ನನ್ನ ಪಾಲಿಗೆ ಬಂದಿತು. ಭತ್ತ ಬೆಳೆಯುವವರಾದರೂ ಆ ಮಾತನ್ನು ಆಡಬಾರದಿತ್ತು.

ಹದಿನೈದನೆಯ ವಯಸ್ಸಿನಿಂದಲೇ ತಿಂಗಳಿಗೆ ಮೂರು ದಿನ ನಾನು ಹಾಸಿಗೆ ಹಿಡಿಯುತ್ತಿದ್ದೆ. “ಮದುವಿ ಆತಂದ್ರ ಎಲ್ಲಾ ನೆಟ್ಟಗಾಗತೈತಿ, ಸುಮ್ಮನಿರವ್ವ” ಎಂದು ತವರಿನ ಹಿರಿಯರು ಸಮಾಧಾನ ಹೇಳಿದರು. ಮದುವೆಯಾಯಿತು, ನೋವೂ ನಿಲ್ಲಲಿಲ್ಲ, ಮಡಿಲೂ ತುಂಬಲಿಲ್ಲ. ಓರಗೆಯವರ ಕುಬಸದಲ್ಲಿ ಉಡಿ ತುಂಬುವ ಹೊತ್ತಿಗೆ ಅಕ್ಕಿಯ ತಟ್ಟೆ ನನ್ನನ್ನು ದಾಟಿ ಮುಂದೆ ಹೋಗುತ್ತಿತ್ತು. ಅತ್ತೆಯವರು ಮಾತ್ರ ಒಂದು ದಿನವೂ ಕಟುವಾಗಿ ನುಡಿಯಲಿಲ್ಲ. ಹರಕೆ ಹೊತ್ತು ತಾವೇ ಉಪವಾಸವಿದ್ದರು. ಆ ಮೌನವೂ ನನಗೆ ಭಾರವೇ ಆಗಿತ್ತು.

ಮದುವೆಯಾದ ಒಂಬತ್ತು ವರ್ಷಗಳ ತರುವಾಯ ಹುಬ್ಬಳ್ಳಿಯ ವೈದ್ಯೆಯೊಬ್ಬರು ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ, ದುರ್ಬೀನಿನಿಂದ ಒಳಗನ್ನು ನೋಡಿ, ರೋಗದ ಹೆಸರು ಹೇಳಿದರು: ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅದರ ಹೊರಗೆ, ಅಂಡಾಶಯ ಮೊದಲಾದೆಡೆ ಬೇರೂರಿ ಉರಿಯೂತವನ್ನೂ ಗಾಯದ ಕಲೆಗಳನ್ನೂ ಉಂಟುಮಾಡುತ್ತದೆ. ಮುಟ್ಟಿನ ರಕ್ತ ಗರ್ಭನಾಳಗಳ ಮೂಲಕ ಹಿಂದಕ್ಕೆ ಹರಿದು ಹೀಗಾಗುತ್ತದೆಂದು ಅಮೆರಿಕದ ಜಾನ್ ಸ್ಯಾಂಪ್ಸನ್ ೧೯೨೭ರಲ್ಲಿ ವಾದಿಸಿದರು. ಆದರೆ ಬಹುಪಾಲು ಸ್ತ್ರೀಯರಲ್ಲಿ ರಕ್ತ ಹಾಗೆ ಹರಿದರೂ ರೋಗ ಬರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಏಕೆ?

ಉತ್ತರದ ಒಂದು ಪಾಲು ವಂಶವಾಹಿಗಳಲ್ಲಿದೆ. ೨೦೨೩ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಈ ರೋಗಕ್ಕೆ ಸಂಬಂಧಿಸಿದ ೪೨ ತಾಣಗಳನ್ನು ಅವುಗಳಲ್ಲಿ ಗುರುತಿಸಿತು. ಆದರೆ ವಂಶವಾಹಿ ಇದ್ದರಷ್ಟೇ ಸಾಲದು. ಹೊತ್ತಿಗೆ ಸರಿಯಾಗಿ ಎಚ್ಚತ್ತು ಕೆಲಸ ಮಾಡಬೇಕು. ಭ್ರೂಣ ನೆಲೆಗೊಳ್ಳುವ ದಿನಗಳಲ್ಲಿ ಗರ್ಭಕೋಶದ ಒಳಪದರದಲ್ಲಿ ಹಾಕ್ಸ್-ಎ೧೦ ಎಂಬ ವಂಶವಾಹಿಯ ಕಾರ್ಯ ಏರಬೇಕು. ಈ ರೋಗವುಳ್ಳ ಅನೇಕರಲ್ಲಿ ಅದು ಏರದಿರುವುದನ್ನು ಸಂಶೋಧಕರು ಕಂಡಿದ್ದಾರೆ. ಪ್ರೊಜೆಸ್ಟರೋನ್ ಹಾರ್ಮೋನು ಕರೆದರೂ ಒಳಪದರ ಸರಿಯಾಗಿ ಓಗೊಡುವುದಿಲ್ಲ. ಮುಗದದ ಕಡೆ ಮಳೆಗೆ ಮುಂಚೆಯೇ ಒಣನೆಲದಲ್ಲಿ ಕೂರಿಗೆಯಿಂದ ಭತ್ತ ಬಿತ್ತುತ್ತಾರೆ. ಮೊಳೆಯುವ ಶಕ್ತಿಯೆಲ್ಲ ಬೀಜದೊಳಗಿದ್ದರೂ ಅದು ಹದಕ್ಕಾಗಿ ಕಾಯುತ್ತದೆ. ಆಗ ಯಾವ ರೈತನೂ ತನ್ನ ಹೊಲವನ್ನು ಹಳಿಯುವುದಿಲ್ಲ.

ಶಸ್ತ್ರಚಿಕಿತ್ಸೆಯಿಂದಲೂ ಪ್ರನಾಳ ಶಿಶು ವಿಧಾನದಿಂದಲೂ ತಾಯಂದಿರಾದ ರೋಗಿಗಳು ಅನೇಕರಿದ್ದಾರೆ. ನನಗೆ ರೋಗದ ಹೆಸರು ತಿಳಿಯುವಷ್ಟರಲ್ಲಿ ನೋವು ಮೊದಲಾಗಿ ಹದಿನಾರು ವರ್ಷಗಳಾಗಿದ್ದವು, ಅಂಡಾಶಯಗಳೆರಡೂ ಕೆಟ್ಟಿದ್ದವು. ನನಗೆ ಮಕ್ಕಳಾಗಲಿಲ್ಲ.

ಈಗ ನಾದಿನಿಯ ಮಗಳು, ಹದಿನಾರರ ಹುಡುಗಿ, ಅದೇ ನೋವಿನಿಂದ ತಿಂಗಳು ತಿಂಗಳು ಕಾಲೇಜು ತಪ್ಪಿಸುತ್ತಿದ್ದಾಳೆ. ಮನೆಯಲ್ಲಿ ಯಾರೋ ಮದುವೆಯ ಮಾತೆತ್ತಿ ಸಮಾಧಾನ ಹೇಳಹೊರಟಾಗ, ಎಂಬತ್ತು ದಾಟಿದ ಅತ್ತೆಯವರೇ ತಡೆದರು: “ಆ ಮಾತು ಸಾಕ್ರಿ. ಮೊದಲ ಡಾಕ್ಟರಿಗೆ ತೋರಸ್ರಿ.” ಬರುವ ಸೋಮವಾರ ನಾವಿಬ್ಬರೂ ಅವಳನ್ನು ಧಾರವಾಡಕ್ಕೆ ಕರೆದೊಯ್ಯಲಿದ್ದೇವೆ.