ಒಂದೂವರೆ ತಾಸಿನ ಅಂತರ

ಪಿಯುಸಿಯ ಕೊನೆಯ ಪೇಪರ್ ಮುಗಿದ ಮರುದಿನ ಉತ್ತರ ಕನ್ನಡದ ಕರಾವಳಿಯ ಹುಡುಗರು ಹೋಗುವುದು ಗೋಕರ್ಣದ ಕಡಲತೀರಕ್ಕೆ, ಯಾಣದ ಬಂಡೆಗಳಿಗೆ, ಹೆಚ್ಚೆಂದರೆ ಜೋಗಕ್ಕೆ. ಯಾರದೋ ಬೈಕು, ಮನೆಯಲ್ಲಿ ಕಟ್ಟಿಕೊಟ್ಟ ಅವಲಕ್ಕಿ, ಕತ್ತಲಾಗುವುದರೊಳಗೆ ವಾಪಸು ಬರಬೇಕೆಂಬ ಕರಾರು. ಹೀಗಿರುವಾಗ ಭಟ್ಕಳದವನೊಬ್ಬ, ಹೊನ್ನಾವರದವನೊಬ್ಬ, ಕುಮಟೆಯವನೊಬ್ಬ, ಮೂವರು ಸಹಪಾಠಿಗಳು ಸೇರಿ "ನಾವು ಹತ್ತು ದಿನ ದುಬೈಗೆ ಹೋಗುತ್ತೇವೆ" ಎಂದರೆ ಮನೆಗಳಲ್ಲಿ ಗದ್ದಲ ಏಳದೆ ಇರುತ್ತದೆಯೇ?

ಭಟ್ಕಳದ ಮನೆಯಲ್ಲಿ ಅಂಥ ಗದ್ದಲವೇನೂ ಆಗಲಿಲ್ಲ. ಅಲ್ಲಿನ ನವಾಯತ ಮನೆಗಳಿಗೆ ದುಬೈ ಎಂದರೆ ಪಕ್ಕದ ಓಣಿ ಇದ್ದಂತೆ. ಅಣ್ಣ ಇಲ್ಲದಿದ್ದರೆ ಮಾವ, ಮಾವ ಇಲ್ಲದಿದ್ದರೆ ನೆರೆಮನೆಯವನು, ಯಾರಾದರೊಬ್ಬರು ಅಲ್ಲಿದ್ದೇ ಇರುತ್ತಾರೆ. ಈ ಹುಡುಗನ ತಂದೆಗೂ ದೇರಾದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. "ಬಂದು ನೋಡಿ ಹೋಗು. ಮನಸ್ಸಿಗೆ ಬಂದರೆ ನಿನಗೂ ಇಲ್ಲೇ ಒಂದು ಕೆಲಸ ಹುಡುಕೋಣ. ಗೆಳೆಯರನ್ನೂ ಕರೆದುಕೊಂಡು ಬಾ" ಎಂದು ಫೋನಿನಲ್ಲಿ ಹೇಳಿದ್ದರು. ಉಳಿದಿಬ್ಬರಿಗೆ ಅದು ಪ್ರವಾಸ. ಭಟ್ಕಳದವನಿಗೆ ಮಾತ್ರ ಅದು ಮುಂದಿನ ಬದುಕಿನ ಪ್ರಶ್ನೆ. ಆದರೆ ಅವನು ಅದನ್ನು ಗೆಳೆಯರ ಬಳಿ ಬಾಯಿ ಬಿಟ್ಟು ಹೇಳಿರಲಿಲ್ಲ.

ಕುಮಟೆಯ ತಾಯಿಗೆ ನೆನಪಾದದ್ದು 2010ರ ಮೇ 22. ಅಂದು ದುಬೈನಿಂದ ಮಂಗಳೂರಿಗೆ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಜನ ಸತ್ತರು, ಬದುಕಿ ಉಳಿದವರು ಎಂಟೇ ಜನ. "ಅದೇ ದಾರಿಯಲ್ಲಿ ಹೋಗಬೇಕಾ?" ಎಂದರು ಆ ತಾಯಿ. ಮಗನ ಹತ್ತಿರ ಉತ್ತರವಿರಲಿಲ್ಲ. ಕೊನೆಗೆ ತಂದೆಯೇ, "ಅದೇ ದಾರಿಯಲ್ಲಿ ಈಗಲೂ ಜನ ದಿನಾ ಹೋಗಿ ಬರುತ್ತಾರಲ್ಲ" ಎಂದು ಸಮಾಧಾನ ಮಾಡಿದರು.

ಹೊನ್ನಾವರದ ಅಡಿಕೆ ತೋಟದ ಮನೆಯಲ್ಲಿ ಅಜ್ಜಿಯ ತಕರಾರೇ ಬೇರೆ. ಸಮುದ್ರ ದಾಟುವುದು ಹಿಂದಿನಿಂದ ನಡೆದು ಬಂದದ್ದಲ್ಲವಂತೆ. ಆದರೆ ಈ ಕರಾವಳಿಯ ಚರಿತ್ರೆ ಅಜ್ಜಿಯ ಪಕ್ಷದಲ್ಲಿಲ್ಲ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬಸ್ತಾನ, ಹೊರ್ಮುಜ್‌ಗಳಿಂದ ಬಂದು ಇಳಿಯುತ್ತಿದ್ದುದು ಭಟ್ಕಳದಂಥ ರೇವುಗಳಲ್ಲಿ. ಚಳಿಗಾಲದ ಈಶಾನ್ಯ ಮಾರುತ ಹಾಯಿಹಡಗುಗಳನ್ನು ಆಚೆ ದಡಕ್ಕೆ ಒಯ್ಯುತ್ತಿತ್ತು, ನೈಋತ್ಯ ಮಾರುತ ಮರಳಿ ತರುತ್ತಿತ್ತು. ಇಂದು ಮಳೆ ತರುವ ಗಾಳಿಯೇ ಅಂದು ವ್ಯಾಪಾರವನ್ನೂ ತರುತ್ತಿತ್ತು. 1325ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ ಒಬ್ಬಂಟಿಯಾಗಿ ಮೊರಾಕ್ಕೊದ ಮನೆ ಬಿಟ್ಟ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಆ ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದವೆಂದು ಆತ ಬರೆದಿಟ್ಟಿದ್ದಾನೆ. ಇದನ್ನು ಓದಿ ತಿಳಿದಿದ್ದ ಹುಡುಗನ ಅಕ್ಕ, "ಹುಡುಗಿಯರಿಗೆ ಶಾಲೆ ಆಗಲೇ ಇತ್ತು ಅಜ್ಜಿ, ಪ್ರವಾಸ ಮಾತ್ರ ಇನ್ನೂ ಬಂದಿಲ್ಲ" ಎಂದಳು. ಮನೆಯವರೆಲ್ಲ ನಕ್ಕರು, ಅಪ್ಪ ಮಾತ್ರ ನಗಲಿಲ್ಲ. ಮುಂದಿನ ವರ್ಷ ಅವಳೂ ಕೇಳಬಹುದು.

ಪಾಸ್‌ಪೋರ್ಟ್ ಮಾಡಿಸುವಾಗ ಮೂವರಿಗೂ ಒಂದು ಸಂಗತಿ ತಿಳಿಯಿತು. ಪ್ಲಾಸ್ಟಿಕ್ ಹೊದಿಸಿ ಕಪಾಟಿನಲ್ಲಿಟ್ಟ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬರಿಯ ಕಾಗದವಲ್ಲ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ 'ವಲಸೆ ತಪಾಸಣೆ ಅಗತ್ಯ' ಎಂಬ ಗುರುತು ಬೀಳುತ್ತದೆ. ಅಂಥವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವಾಗ 1983ರ ವಲಸೆ ಕಾಯ್ದೆಯ ಪ್ರಕಾರ ಸರಕಾರದ ಅನುಮತಿ ಪಡೆಯಬೇಕು. ಓದು ಕಡಿಮೆ ಇರುವವರು ದಲ್ಲಾಳಿಗಳ ಮೋಸಕ್ಕೆ ಸಿಕ್ಕದಿರಲೆಂದು ಮಾಡಿದ ಏರ್ಪಾಡು ಅದು. ಹುಡುಗರ ಪಾಸ್‌ಪೋರ್ಟಿನಲ್ಲಿ ಆ ಗುರುತಿರಲಿಲ್ಲ. ಇನ್ನೊಂದು ಎಚ್ಚರಿಕೆಯೂ ಅವರಿಗೆ ಸಿಕ್ಕಿತು. ಭೇಟಿಯ ವೀಸಾದಲ್ಲಿ ಹೋದವರು ಅಲ್ಲಿ ಒಂದು ದಿನವೂ ಕೆಲಸ ಮಾಡುವಂತಿಲ್ಲ, ಮಾಡಿದರೆ ಅದು ಅಪರಾಧ. 'ಮೊದಲು ಹೋಗಿಬಿಡು, ಕೆಲಸ ಆಮೇಲೆ ನೋಡೋಣ' ಎನ್ನುವ ದಲ್ಲಾಳಿಯ ಮಾತನ್ನು ನಂಬಬಾರದು.

ಬೆಳಿಗ್ಗೆ ಎಂಟಕ್ಕೆ ಮಂಗಳೂರು ಬಿಟ್ಟು ಮೂರೂವರೆ ತಾಸು ಹಾರಿದ ಮೇಲೆ ದುಬೈನ ಗಡಿಯಾರ ಹತ್ತು ಗಂಟೆ ತೋರಿಸುತ್ತಿತ್ತು. "ಒಂದೂವರೆ ತಾಸು ಪುಕ್ಕಟೆ ಸಿಕ್ಕಿತು ಮಾರಾಯ!" ಎಂದ ಕುಮಟೆಯವನು. ಹೊನ್ನಾವರದವನಿಗೆ ಲೆಕ್ಕವೆಂದರೆ ಪ್ರಾಣ, ಅವನು ಬಿಡಲಿಲ್ಲ. ಭಟ್ಕಳ ಸುಮಾರು ಎಪ್ಪತ್ತನಾಲ್ಕೂವರೆ ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ದುಬೈ ಐವತ್ತೈದರ ಹತ್ತಿರ. ಒಂದು ಡಿಗ್ರಿ ತಿರುಗಲು ಭೂಮಿಗೆ ನಾಲ್ಕು ನಿಮಿಷ ಬೇಕು. ಹಾಗಾದರೆ ಸೂರ್ಯನ ಲೆಕ್ಕದಲ್ಲಿ ಎರಡು ಊರುಗಳ ನಡುವಿನ ಅಂತರ ಸುಮಾರು 77 ನಿಮಿಷ ಮಾತ್ರ. ಉಳಿದ 13 ನಿಮಿಷ ಎಲ್ಲಿಂದ ಬಂತು? ಭಾರತದ ಗಡಿಯಾರ ನಡೆಯುವುದು ಎಂಬತ್ತೆರಡೂವರೆ ಡಿಗ್ರಿಯ ರೇಖೆಯಂತೆ, ದುಬೈನದು ಅರವತ್ತರ ರೇಖೆಯಂತೆ. ಅಂದರೆ 77 ನಿಮಿಷ ಸೂರ್ಯನದು, 13 ನಿಮಿಷ ಸರಕಾರಗಳದು.

ನೋಡುವುದನ್ನೆಲ್ಲ ಅವರು ನೋಡಿದರು. 2010ರ ಜನವರಿಯಲ್ಲಿ ತೆರೆದ ಬುರ್ಜ್ ಖಲೀಫಾದ ಎತ್ತರ 828 ಮೀಟರ್. ಶರಾವತಿ ಜೋಗದಲ್ಲಿ ಧುಮುಕುವುದು 253 ಮೀಟರ್. ಮೂರು ಜೋಗಗಳನ್ನು ಒಂದರ ಮೇಲೊಂದು ಇಟ್ಟರೂ ಇನ್ನೂ 69 ಮೀಟರ್ ಉಳಿಯುತ್ತದೆ. ಎತ್ತರ ಹೆಚ್ಚಿದಂತೆ ದಿಗಂತ ದೂರ ಸರಿಯುತ್ತದೆ, ಹಾಗಾಗಿ ಮೇಲಿನ ಮಹಡಿಯವರಿಗೆ ಸೂರ್ಯ ತುಸು ತಡವಾಗಿ ಮುಳುಗುತ್ತಾನೆ. 80ನೆಯ ಮಹಡಿಯಿಂದ ಮೇಲಿರುವವರು ರಂಜಾನ್ ಉಪವಾಸವನ್ನು ಎರಡು ನಿಮಿಷ, 150ರಿಂದ ಮೇಲಿನವರು ಮೂರು ನಿಮಿಷ ತಡವಾಗಿ ಬಿಡಬೇಕೆಂದು ಅಲ್ಲಿನ ಧರ್ಮಗುರುಗಳು 2011ರಲ್ಲಿ ತಿಳಿಸಿದ್ದರು. ದೇರಾದ ಅಂಗಡಿ ಸಾಲಿನಲ್ಲಿ ನವಾಯತಿ ಮಾತು ಕಿವಿಗೆ ಬಿದ್ದಾಗ ಕುಮಟೆಯವನಿಗೆ ಅಚ್ಚರಿ. ಅವನ ಮನೆಮಾತು ಕೊಂಕಣಿಗೆ ಅದು ದಾಯಾದಿಯಷ್ಟು ಹತ್ತಿರ, ಅರ್ಧಕ್ಕರ್ಧ ತಿಳಿಯುತ್ತಿತ್ತು.

ಆರನೆಯ ದಿನ ಭಟ್ಕಳದವನ ತಂದೆಯ ಕೋಣೆಗೆ ಹೋದರು. ಅದುವರೆಗೆ ಹುಡುಗರು ಉಳಿದದ್ದು ಸಂಬಂಧಿಕರೊಬ್ಬರ ಮನೆಯಲ್ಲಿ. ಕೋಣೆ ತೋರಿಸಲು ತಂದೆಗೆ ಅಷ್ಟೇನೂ ಮನಸ್ಸಿರಲಿಲ್ಲ. ಒಂದರ ಮೇಲೊಂದು ಜೋಡಿಸಿದ ಮಂಚಗಳು, ಆರು ಜನ, ಆರು ಪೆಟ್ಟಿಗೆ. ಊರಿಗೆ ಬರುವಾಗ ಸೋಪು, ಅತ್ತರು, ಚಾಕಲೇಟು ತುಂಬಿಕೊಂಡು ಬರುವ ಪೆಟ್ಟಿಗೆಯನ್ನು ಮಗ ಬಲ್ಲ. ಅದು ಮಂಚದ ಕೆಳಗೆ ಖಾಲಿಯಾಗಿ ಬಿದ್ದಿರುವುದನ್ನು ಅವನು ನೋಡಿದ್ದು ಅಂದೇ ಮೊದಲು. ಗೋಡೆಯ ಮೇಲೆ ಎರಡು ಗಡಿಯಾರಗಳಿದ್ದವು. ಒಂದು ಏಳು ಗಂಟೆ ತೋರಿಸುತ್ತಿತ್ತು, ಇನ್ನೊಂದು ಎಂಟೂವರೆ.

"ಇದು ಕೆಟ್ಟಿದೆಯಾ?" ಎಂದು ಕುಮಟೆಯವನು ಕೇಳಿದ.

"ಕೆಟ್ಟಿಲ್ಲ. ಅದು ಭಟ್ಕಳದ್ದು" ಎಂದರು ತಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ಇವನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವಾಗ ಇಲ್ಲಿ ಒಂಬತ್ತು ಗಂಟೆ, ಅಂಗಡಿ ಬಾಗಿಲು ತೆಗೆಯುವ ಹೊತ್ತು. ಅಲ್ಲಿ ಹತ್ತೂವರೆ, ಪ್ರಶ್ನೆಪತ್ರಿಕೆ ಕೊಟ್ಟಿರುತ್ತಾರೆ ಅಂದುಕೊಳ್ಳುತ್ತಿದ್ದೆ. ನಾನು ಹತ್ತನೆಯದನ್ನು ಮುಗಿಸಲಿಲ್ಲ ನೋಡಿ, ಅದಕ್ಕೇ ಇರಬೇಕು."

"ನೀವು ಊರಿಗೆ ಎಷ್ಟು ಸಲ ಬರುತ್ತೀರಿ?" ಎಂದು ಹೊನ್ನಾವರದವನು ಕೇಳಿದ.

"ಎರಡು ವರ್ಷಕ್ಕೊಮ್ಮೆ. ಎರಡು ತಿಂಗಳ ರಜೆ."

ಹುಡುಗ ಅಭ್ಯಾಸಬಲದಿಂದ ಲೆಕ್ಕ ಹಾಕಿದ. ಗೆಳೆಯನಿಗೆ ಹದಿನೆಂಟು ವರ್ಷ. ಒಂಬತ್ತು ಸಲದ ರಜೆ, ಒಟ್ಟು ಹದಿನೆಂಟು ತಿಂಗಳು. ಹದಿನೆಂಟು ವರ್ಷಗಳಲ್ಲಿ ಮಗ ತಂದೆಯೊಡನೆ ಇದ್ದದ್ದು ಒಂದೂವರೆ ವರ್ಷ. ಉತ್ತರವನ್ನು ಅವನು ಗಟ್ಟಿಯಾಗಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಗೆಳೆಯ ತಲೆ ತಗ್ಗಿಸಿ ಅದೇ ಲೆಕ್ಕ ಮಾಡುತ್ತಿದ್ದ.

ಆ ರಾತ್ರಿ ದುಬೈ ಖಾಡಿಯನ್ನು ದೋಣಿಯಲ್ಲಿ ದಾಟುವಾಗ ಮಗ ತಂದೆಗೆ ಹೇಳಿದ: "ನಾನು ಡಿಗ್ರಿ ಮುಗಿಸುತ್ತೇನೆ." ಬೈಗುಳ ಬರಬಹುದೆಂದು ಗೆಳೆಯರಿಬ್ಬರೂ ಆಚೆ ದಡದ ದೀಪಗಳನ್ನು ನೋಡುತ್ತ ಕುಳಿತರು. ತಂದೆ ಹೇಳಿದ್ದು ಇಷ್ಟೇ: "ಮುಗಿಸು. ಈ ಊರು ಎಲ್ಲಿಗೂ ಓಡಿಹೋಗುವುದಿಲ್ಲ. ಬರುವುದಾದರೆ ನನ್ನ ಮಂಚಕ್ಕೆ ಬರಬೇಡ."

ತಂದೆಯ ದುಡಿಮೆಯನ್ನು ಹೀನವಾಗಿ ಕಂಡು ಮಗ ಆ ಮಾತಾಡಿದ್ದಲ್ಲ. ಆ ಕೋಣೆಯಿಂದ ಒಂದು ಮನೆ ಎದ್ದಿದೆ, ಅಕ್ಕಂದಿರ ಮದುವೆಯಾಗಿದೆ, ಅವನ ಕಾಲೇಜು ಫೀಸು ಬಂದಿದೆ. ಅದರ ಬೆಲೆ ಎಷ್ಟೆಂದು ತಿಳಿದ ಮೇಲೆ ಓದನ್ನು ಅರ್ಧಕ್ಕೆ ಬಿಡಲು ಅವನಿಗೆ ಮನಸ್ಸು ಬರಲಿಲ್ಲ.

ಮಕ್ಕಳು ಗುಂಪು ಕಟ್ಟಿಕೊಂಡು ಹೊರಟರೆ ಹೆತ್ತವರಿಗೆ ಭಯ. ಒಬ್ಬನೇ ಇದ್ದರೆ ಮಾಡದ ಹುಡುಗಾಟವನ್ನು ಹುಡುಗ ಗುಂಪಿನಲ್ಲಿ ಮಾಡುತ್ತಾನೆಂಬುದು ಸುಳ್ಳಲ್ಲ. ಆದರೆ ಗೆಳೆತನದ ಇನ್ನೊಂದು ಉಪಯೋಗವೂ ಇದೆ. ಮಗನೊಬ್ಬನೇ ಹೋಗಿದ್ದರೆ ಗಡಿಯಾರದ ಮಾತು ಎತ್ತುತ್ತಿರಲಿಲ್ಲ, ತಂದೆಯೂ ಹೇಳುತ್ತಿರಲಿಲ್ಲ. ಮಗ ತಂದೆಯನ್ನು ಕೇಳಲಾರದ ಪ್ರಶ್ನೆಯನ್ನು ಮಗನ ಗೆಳೆಯ ಸಹಜವಾಗಿ ಕೇಳಬಲ್ಲ. ಹತ್ತು ದಿನಗಳಲ್ಲಿ ಮೂವರೂ ತೆಗೆದ ಫೋಟೋಗಳು ನೂರಾರು. ಅವುಗಳಲ್ಲಿ ಆ ಗೋಡೆಯದು ಒಂದೇ ಒಂದು. ಅದನ್ನು ತೆಗೆದವನು ಕುಮಟೆಯವನು, ಭಟ್ಕಳದವನು ಅದನ್ನು ತನ್ನ ತಾಯಿಗೆ ಮಾತ್ರ ತೋರಿಸಿದ್ದಾನೆ.