ಕಡಲ ತೀರದಲ್ಲಿ ಗೋಧಿಯಿಲ್ಲದ ಊಟ

ಕಳೆದ ಪುಷ್ಯಮಾಸದಲ್ಲಿ ನಾವು ನಾಲ್ವರು ನಿವೃತ್ತ ಉಪಾಧ್ಯಾಯರು ಗೋಕರ್ಣಕ್ಕೆ ಹೋಗಿದ್ದೆವು. ಮಹಾಬಲೇಶ್ವರನ ದರ್ಶನ, ಸಮುದ್ರಸ್ನಾನ, ನಾಲ್ಕು ದಿನಗಳ ವಿಶ್ರಾಂತಿ, ಇವೇ ನಮ್ಮ ಉದ್ದೇಶಗಳು. ನನಗೆ ಮಾತ್ರ ಇವುಗಳ ಜೊತೆಗೆ ಇನ್ನೊಂದು ಚಿಂತೆಯಿದ್ದಿತು. ಮೂರು ವರ್ಷಗಳಿಂದ ನನಗೆ ಗೋಧಿಯು ವರ್ಜ್ಯ. ಈ ವ್ಯಾಧಿಗೆ ವೈದ್ಯರು ಸೀಲಿಯಾಕ್ ಎಂದು ಹೆಸರಿಟ್ಟಿರುವರು. ಗೋಧಿ, ಜವೆಗೋಧಿ, ರೈ ಎಂಬ ಧಾನ್ಯಗಳಲ್ಲಿರುವ ಗ್ಲೂಟೆನ್ ಎಂಬ ಅಂಟು ಪದಾರ್ಥವು ಹೊಟ್ಟೆಗೆ ಹೋದೊಡನೆ, ದೇಹದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಸಣ್ಣ ಕರುಳಿನ ಒಳಪೊರೆಯನ್ನು ಕೆಡಿಸುವುದು. ಇದಕ್ಕೆ ಪಥ್ಯವೊಂದೇ ಪರಿಹಾರ, ಅದೂ ಜೀವಾವಧಿ. ಗೋಧಿಯನ್ನು ಬಿಡಿಸಿದರೆ ರೋಗಿಗಳು ಚೇತರಿಸಿಕೊಳ್ಳುವರೆಂಬುದನ್ನು ಹಾಲೆಂಡಿನ ಮಕ್ಕಳ ವೈದ್ಯರಾದ ಡಿಕೆ ಎಂಬವರು 1950ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು.

ಕರಾವಳಿಯಾದರೋ ಅಕ್ಕಿಯ ಸೀಮೆ. ಅಘನಾಶಿನಿಯ ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನು ಸಹಿಸಿಕೊಂಡು ಕಗ್ಗವೆಂಬ ಭತ್ತವು ಬೆಳೆಯುವುದು. ನೀರುದೋಸೆ, ಕಡುಬು, ಪತ್ರೊಡೆ, ಕುಚ್ಚಲಕ್ಕಿಯ ಗಂಜಿ, ಯಾವುದರಲ್ಲಿಯೂ ಗೋಧಿಯ ಸೋಂಕಿಲ್ಲ. ಇಂಥ ನಾಡಿನಲ್ಲಿ ನನಗೇನು ಭಯವೆಂದು ನಿಶ್ಚಿಂತನಾಗಿದ್ದೆನು.

ಮೊದಲನೆಯ ಸಾಯಂಕಾಲವೇ ಆ ನಿಶ್ಚಿಂತೆಯು ಮುರಿಯಿತು. ನಾವು ಹೊಕ್ಕ ಉಪಾಹಾರಗೃಹದಲ್ಲಿ ಜನಸಂದಣಿ ಬಹಳ. "ದೋಸೆಯಲ್ಲಿ ಗೋಧಿಯಿದೆಯೇನಪ್ಪಾ?" ಎಂದು ಮಾಣಿಯನ್ನು ಕೇಳಿದೆನು. "ಇಲ್ಲ, ಅಕ್ಕಿ ಉದ್ದು ಮಾತ್ರ" ಎಂದನು. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಅದೇ ಕಾವಲಿಯ ಮೇಲೆ ರವೆದೋಸೆಯನ್ನೂ ಹುಯ್ಯುತ್ತಿದ್ದರು. ಸಾಂಬಾರಿಗೆ ಯಾವ ಇಂಗು ಎಂದು ಕೇಳಬೇಕೆಂದಿದ್ದೆನು. ಹಿಂದೆ ಜನರು ಸ್ಥಳಕ್ಕಾಗಿ ಕಾದು ನಿಂತಿದ್ದರು. ಮಾಣಿಯ ಮುಖದಲ್ಲಿ ಅವಸರ ಕಾಣುತ್ತಿದ್ದಿತು. ಮೂವತ್ತೈದು ವರ್ಷ ಮಕ್ಕಳಿಗೆ "ತಿಳಿಯದಿದ್ದರೆ ಕೇಳಿರಿ" ಎಂದು ಬೋಧಿಸಿದ ನಾನು ಎರಡನೆಯ ಪ್ರಶ್ನೆಯನ್ನು ಕೇಳಲು ನಾಚಿದೆನು. ಆ ರಾತ್ರಿ ನಾನು ಪಟ್ಟ ಯಾತನೆಯನ್ನು ವರ್ಣಿಸುವುದು ಬೇಡ. ಮರುದಿನ ಮಿತ್ರರು ಕುಡ್ಲೆಯಿಂದ ಗುಡ್ಡವನ್ನು ಹತ್ತಿ ಓಂ ಕಡಲ ತೀರಕ್ಕೆ ಹೋಗಬೇಕೆಂದಿದ್ದರು. ನನಗಾಗಿ ಅದನ್ನು ಬಿಟ್ಟು, ಮೂವರೂ ನನ್ನ ಹಾಸಿಗೆಯ ಸುತ್ತ ಕುಳಿತರು. ಯಾರಿಗೂ ಭಾರವಾಗಬಾರದೆಂದು ಬಾಯಿ ಮುಚ್ಚಿಕೊಂಡಿದ್ದವನು ಎಲ್ಲರಿಗೂ ಭಾರವಾದೆನು.

ವಾಚಕರಲ್ಲಿ ಇಂಥ ಪಥ್ಯದವರು ಇರಬಹುದಾದುದರಿಂದ ಇಂಗಿನ ಸಂಗತಿಯನ್ನು ಸ್ವಲ್ಪ ವಿವರಿಸುವೆನು. ಶುದ್ಧವಾದ ಇಂಗು ಒಂದು ಗಿಡದ ಬೇರಿನಿಂದ ಒಸರುವ ಅಂಟು, ಅದರಲ್ಲಿ ದೋಷವಿಲ್ಲ. ಆದರೆ ಅಂಗಡಿಯಲ್ಲಿ ಸಿಕ್ಕುವ ಡಬ್ಬಿಯ ಇಂಗಿಗೆ ಗೋಧಿಹಿಟ್ಟನ್ನೋ ಮೈದಾವನ್ನೋ ಬೆರೆಸಿರುವುದುಂಟು. ಅಕ್ಕಿಹಿಟ್ಟನ್ನು ಬೆರೆಸಿದ್ದೂ ದೊರೆಯುವುದು. ಗೋಳಿಬಜೆ, ಬನ್ಸ್‌ಗಳು ಮೈದಾದಿಂದಲೇ ಆದವು. ಅವುಗಳನ್ನು ಕರಿದ ಎಣ್ಣೆಯಲ್ಲಿ ಹಪ್ಪಳವನ್ನು ಕರಿದರೆ ಹಪ್ಪಳವೂ ನಮಗೆ ಸಲ್ಲದು. ಮೀನು ತಿನ್ನುವವರು ಅದನ್ನು ರವೆಯಲ್ಲಿ ಹೊರಳಿಸಿದ್ದಾರೆಯೇ ಎಂದು ನೋಡಬೇಕು. ಗೋಬಿ ಮಂಚೂರಿಯಲ್ಲಿ ಮೈದಾ ಇರುವುದಲ್ಲದೆ, ಅದಕ್ಕೆ ಹಾಕುವ ಸೋಯಾ ಸಾಸಿನಲ್ಲಿಯೂ ಸಾಮಾನ್ಯವಾಗಿ ಗೋಧಿ ಇರುವುದು. ಗ್ಲೂಟೆನ್ ಇಲ್ಲವೆಂದು ಮಾರುವ ಆಹಾರದಲ್ಲಿ ಅದು ಕಿಲೋಗ್ರಾಮಿಗೆ 20 ಮಿಲಿಗ್ರಾಮನ್ನು ಮೀರಬಾರದೆಂದು ನಮ್ಮ ದೇಶದ ನಿಯಮವೇ ಇದೆ. ಹಾಗಿರುವಾಗ "ಒಂದು ಚೂರು ತಿಂದರೇನಾಯಿತು" ಎಂಬ ಉಪಚಾರದ ಮಾತಿಗೆ ಎಡೆಯೆಲ್ಲಿ?

ಮೂರನೆಯ ದಿನ ಒಬ್ಬ ಗೃಹಿಣಿಯು ನಡೆಸುತ್ತಿದ್ದ ಚಿಕ್ಕ ಖಾನಾವಳಿಗೆ ಹೋದೆವು. ಈ ಸಲ ಜನರು ಬರುವುದಕ್ಕೆ ಮೊದಲೇ ಹೋಗಿ ಅಡಿಗೆಯ ಮನೆಯ ಬಾಗಿಲಲ್ಲಿಯೇ ನಿಂತು, "ತಾಯೀ, ಗೋಧಿ, ಮೈದಾ, ರವೆ ನನಗೆ ವಿಷಸಮಾನ" ಎಂದು ಹೇಳಿದೆನು. ಆಕೆ ಇಂಗಿನ ಡಬ್ಬಿಯನ್ನೇ ತಂದು ಕೈಗಿತ್ತಳು. ಗಣಿತದ ಮಾಸ್ತರರು ಕನ್ನಡಕವನ್ನೇರಿಸಿ ಸಣ್ಣ ಅಕ್ಷರಗಳನ್ನು ಓದಿದರು. ಗೋಧಿಹಿಟ್ಟು ಇದ್ದೇ ಇದ್ದಿತು. "ಮೊದಲೇ ಹೇಳಿದ್ದು ಒಳ್ಳೆಯದಾಯಿತು ಮಾಸ್ತರೇ. ಹೇಳಿದರೆ ಮಾಡುವುದಕ್ಕೆ ನಮಗೇನು ಕಷ್ಟ?" ಎಂದು ಆಕೆ ಬೇರೆ ಬಾಣಲೆಯಲ್ಲಿ ಸಾಸಿವೆ ಕರಿಬೇವುಗಳ ಒಗ್ಗರಣೆಯನ್ನು ಮಾಡಿದಳು. ಕುಚ್ಚಲಕ್ಕಿಯ ಅನ್ನ, ಒಂದೆಲಗದ ತಂಬುಳಿ, ಅಪ್ಪೆಹುಳಿ, ಮಜ್ಜಿಗೆ. ಅಂಥ ತೃಪ್ತಿಯಿಂದ ಉಂಡು ಬಹುದಿನಗಳಾಗಿದ್ದವು.

ಮಿತ್ರರೂ ಅದನ್ನೇ ಉಂಡರು. ಒಂದೇ ಸಾಲಿನಲ್ಲಿ ಕುಳಿತವರಿಗೆ ಬೇರೆ ಬೇರೆ ಬಡಿಸುವುದು ಪಂಕ್ತಿಭೇದವೆಂಬ ದೋಷ. ಅದು ಬೇಡವೆಂದು ಅವರು ತಮ್ಮೊಳಗೆ ನಿಶ್ಚಯಿಸಿಕೊಂಡಿದ್ದರಂತೆ. ಆದರೆ ಸಂಜೆ ನಾಲ್ಕು ಗಂಟೆಗೆ ಡ್ರಾಯಿಂಗ್ ಮಾಸ್ತರರು "ಗಾಳಿ ಸೇವನೆಗೆ" ಹೋದವರು ಬರಲಿಲ್ಲ. ಹುಡುಕಿಕೊಂಡು ಹೋದರೆ, ಅಂಗಡಿಯೊಂದರ ಹಿಂದೆ ಗೋಡೆಗೆ ಮುಖಮಾಡಿ ನಿಂತು ಬಿಸಿ ಬನ್ಸನ್ನು ತಿನ್ನುತ್ತಿದ್ದರು. ನನ್ನನ್ನು ಕಂಡು, ಮೊದಲನೆಯ ತರಗತಿಯ ಹುಡುಗನಂತೆ ಕೈಯನ್ನು ಬೆನ್ನ ಹಿಂದೆ ಮರೆಮಾಡಿದರು. ನಗು ಬಂದಿತು, ಕಣ್ಣೂ ತುಂಬಿತು.

"ಮಾಸ್ತರೇ, ನನ್ನ ಎದುರಿನಲ್ಲಿಯೇ ತಿನ್ನಿ. ನನ್ನ ಪಥ್ಯವನ್ನು ನೀವೇಕೆ ಹೊರಬೇಕು? ನಾನು ಅಡಿಗೆಯವರನ್ನು ಪ್ರಶ್ನೆ ಕೇಳುವಾಗ ಬೇಸರಿಸದೆ ಪಕ್ಕದಲ್ಲಿ ಕುಳಿತಿರಿ, ಅಷ್ಟು ಸಾಕು" ಎಂದೆನು.

ಕಡೆಯ ದಿನ ಗುಡ್ಡವನ್ನು ದಾಟಿ ಓಂ ತೀರವನ್ನು ಕಂಡೆವು. ಬಂಡೆಯ ಮೇಲೆ ನಾಲ್ವರೂ ಸಾಲಾಗಿ ಕುಳಿತೆವು. ಆ ತಾಯಿಯು ಬಾಳೆಯೆಲೆಯಲ್ಲಿ ಕಟ್ಟಿಕೊಟ್ಟ ಕಡುಬು ನನ್ನ ಕೈಯಲ್ಲಿ. ಬನ್ಸ್ ಅವರ ಕೈಯಲ್ಲಿ.